ರಾಕ್ ಬ್ಯಾಂಡಿಗೆ ಮೂವರು ಊದುವವರನ್ನು ಸೇರಿಸಿಕೊಳ್ಳುವುದು ಹೇಗೆ

ನಮ್ಮ ಬ್ಯಾಂಡಿನಲ್ಲಿ ಏಳು ಜನ. ಗಿಟಾರ್, ಬೇಸ್, ಡ್ರಮ್ಸ್, ಹಾಡುವವಳು ಒಬ್ಬಳು. ಇವರ ಜೊತೆ ಟ್ರಂಪೆಟ್, ಟ್ರೊಂಬೋನ್, ಆಲ್ಟೊ ಸ್ಯಾಕ್ಸೋಫೋನ್. ಈ ಊದುವ ವಾದ್ಯಗಳಿಗೆ ಒಟ್ಟಾಗಿ ಹಾರ್ನ್ಸ್ ಅನ್ನುತ್ತೇವೆ. ಆ ಸ್ಯಾಕ್ಸ್ ನನ್ನದು. ಹಾರ್ನ್‌ಗಳಿಗೆ ಏನು ನುಡಿಸಬೇಕು ಅಂತ ಬರೆಯುವ ಕೆಲಸವೂ ನನ್ನದೇ.

ಬೆಂಗಳೂರಿನಲ್ಲಿ ಶೋ ಮುಗಿದು ವೈರ್ ಸುತ್ತುವಾಗ ಯಾರಾದರೂ ಬಂದು ಕೇಳುತ್ತಾರೆ. ಹೆಚ್ಚಾಗಿ ಗಿಟಾರ್ ನುಡಿಸುವ ಹುಡುಗರು. "ಅಕ್ಕಾ, ನಮ್ ಬ್ಯಾಂಡಿಗೂ ಹಾರ್ನ್ಸ್ ಬೇಕು ಅಂತಿದೀವಿ. ಎಲ್ಲಿಂದ ಶುರು ಮಾಡೋದು?" ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಕ್ಷಿಣ ಕನ್ನಡದವಳು. ಅಪ್ಪ ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ಸ್ಯಾಕ್ಸೋಫೋನ್ ಊದುತ್ತಾರೆ. ಅಜ್ಜ ಊದುತ್ತಿದ್ದದ್ದು ನಾಗಸ್ವರ. ನಮ್ಮ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಕದ್ರಿ ಗೋಪಾಲನಾಥರ ತಂದೆ ಕೂಡ ನಾಗಸ್ವರದವರೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಲೋಕಕ್ಕೇ ತೋರಿಸಿದರು. ಅವರಿಂದಾಗಿ ನಮ್ಮಂಥ ಎಷ್ಟೋ ಮನೆಗಳಿಗೆ ಈ ವಾದ್ಯ ಬಂತು. ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಬರುವಾಗ ಅಪ್ಪ ತಮ್ಮ ಹಳೇ ಆಲ್ಟೊವನ್ನೇ ಕೊಟ್ಟು ಕಳಿಸಿದರು.

ಜಾತ್ರೆಯಲ್ಲಿ ದೇವರ ಬಲಿ ಹೊರಡುವುದನ್ನು ನೀವು ನೋಡಿರಬಹುದು. ದೇವರನ್ನು ತಲೆಯ ಮೇಲೆ ಹೊತ್ತು ಅಂಗಳದಲ್ಲಿ ಸುತ್ತು ಬರುವಾಗ ಒಂದೊಂದು ವಾದ್ಯಕ್ಕೆ ಒಂದೊಂದು ಸುತ್ತು ಇರುತ್ತದೆ. ಚೆಂಡೆಗೆ ಒಂದು ಸುತ್ತು, ವಾಲಗಕ್ಕೆ ಒಂದು ಸುತ್ತು, ಬ್ಯಾಂಡಿಗೆ ಒಂದು ಸುತ್ತು. ಚೆಂಡೆಯ ಸುತ್ತಿನಲ್ಲಿ ಅಪ್ಪ ಸ್ಯಾಕ್ಸನ್ನು ಎದೆಗೊರಗಿಸಿಕೊಂಡು ಸುಮ್ನೆ ನಡೆಯುತ್ತಾರೆ. ಕೊನೆಯಲ್ಲಿ ಸರ್ವವಾದ್ಯ. ಆಗ ಎಲ್ಲರೂ ಒಟ್ಟಿಗೆ, ಮೈ ಜುಮ್ ಅನ್ನುತ್ತದೆ. ರಾಕ್ ಬ್ಯಾಂಡಿಗೆ ಹಾರ್ನ್ ಹೇಗೆ ಹಾಕಬೇಕು ಅನ್ನುವುದರಲ್ಲಿ ಮುಕ್ಕಾಲು ಪಾಲು ನಾನು ಕಲಿತದ್ದು ಅಲ್ಲೇ. ಊದುವವರಿಗೂ ಒಂದು ಸುತ್ತು ಕೊಡಿ. ಮುಗಿದ ಹಾಡಿನ ಮೇಲೆ ಅವರನ್ನು ಅಂಟಿಸಬೇಡಿ.

ಯಾರು ಬೇಕು, ಎಲ್ಲಿ ಸಿಗುತ್ತಾರೆ

ಮೂವರು ಸಾಕು. ಟ್ರಂಪೆಟ್ ಮೇಲೆ, ಸ್ಯಾಕ್ಸ್ ನಡುವೆ, ಟ್ರೊಂಬೋನ್ ಕೆಳಗೆ. ಮೂರು ಸ್ವರ ಸೇರಿದರೆ ಒಂದು ಕಾರ್ಡ್ ಆಗುತ್ತದೆ. ಸ್ಯಾಕ್ಸಿನ ಮೈ ಹಿತ್ತಾಳೆಯದಾದರೂ ಸದ್ದು ಹುಟ್ಟುವುದು ರೀಡಿನಿಂದ, ಅಂದರೆ ಬಾಯಿಗಿಡುವ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿಯಿಂದ. ಹಾಗಾಗಿ ಅದು ಟ್ರಂಪೆಟ್, ಟ್ರೊಂಬೋನ್ ನಡುವೆ ನಿಂತು ಎರಡನ್ನೂ ಬೆಸೆಯುತ್ತದೆ. ಇಬ್ಬರೇ ಸಿಕ್ಕರೆ ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸ್ (ಆಲ್ಟೊಗಿಂತ ದೊಡ್ಡದು, ದನಿ ಕೆಳಗಿನದು) ತೆಗೆದುಕೊಳ್ಳಿ. ಒಬ್ಬರೇ ಸಿಕ್ಕರೂ ಬೇಜಾರು ಬೇಡ. ಅಮೆರಿಕದ ಸ್ಯಾಕ್ರಮೆಂಟೊದ ಕೇಕ್ ಅನ್ನುವ ಬ್ಯಾಂಡು 1991ರಿಂದ ಒಂದೇ ಟ್ರಂಪೆಟ್ ಇಟ್ಟುಕೊಂಡು ಬಂದಿದೆ. ಎರಡು ಸಾಲು ಕೇಳಿದರೆ ಸಾಕು, ಯಾರ ಬ್ಯಾಂಡು ಅಂತ ಗೊತ್ತಾಗುತ್ತದೆ. ಕೀಬೋರ್ಡಿನಲ್ಲಿರುವ ಬ್ರಾಸ್ ಸದ್ದು ಮಾತ್ರ ಬೇಡ. ಅದು ಉಸಿರಾಡುವುದಿಲ್ಲ. ಕೇಳುವವರಿಗೆ ಕಾರಣ ಗೊತ್ತಿಲ್ಲದಿದ್ದರೂ ಏನೋ ಇಲ್ಲ ಅನ್ನುವುದು ಗೊತ್ತಾಗುತ್ತದೆ.

ಊದುವವರು ಎಲ್ಲಿ ಸಿಗುತ್ತಾರೆ? ಕಾಲೇಜಿನ ಜಾಝ್ ಹುಡುಗರನ್ನು ಎಲ್ಲರೂ ಹುಡುಕುತ್ತಾರೆ. ನಾನು ಬೇರೆ ಕಡೆ ನೋಡಿ ಅನ್ನುತ್ತೇನೆ. ಚರ್ಚುಗಳ ವಾದ್ಯದವರು, ಶಾಲಾ ಬ್ಯಾಂಡ್ ಕಲಿಸುವ ಮೇಷ್ಟ್ರು, ಪೊಲೀಸ್ ಬ್ಯಾಂಡಿನಿಂದ, ಸೇನೆಯ ಬ್ಯಾಂಡಿನಿಂದ ನಿವೃತ್ತರಾದವರು, ಮಂಗಳೂರು ಕಡೆಯ ಕ್ರಿಶ್ಚಿಯನ್ ಮದುವೆಗಳ ಬ್ರಾಸ್ ಬ್ಯಾಂಡಿನವರು. ನಮ್ಮ ಟ್ರೊಂಬೋನಿನವರು ಇಪ್ಪತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಊದಿದವರು. ನಾವೆಲ್ಲ ಅಣ್ಣ ಅಂತಲೇ ಕರೆಯುತ್ತೇವೆ. ಅವರಿಗೆ ಸ್ಟಾಫ್ ನೊಟೇಶನ್, ಅಂದರೆ ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ, ಓದಲು ಬರುವುದಿಲ್ಲ. ಒಂದು ಸಲ ಹಾಡಿ ತೋರಿಸಿದರೆ ಎರಡನೇ ಸಲಕ್ಕೆ ಊದಿ ಮುಗಿಸುತ್ತಾರೆ. ಬಿಸಿಲಲ್ಲಿ, ರಸ್ತೆ ಮೇಲೆ, ನಡೆಯುತ್ತಾ ಮೂರು ಗಂಟೆ ಊದಿದ ತುಟಿ ಅದು. ಅಂಥವರನ್ನು ಕರೆದಾಗ ದುಡ್ಡಿನ ಮಾತು ಮೊದಲೇ ಆಡಿ. ಪ್ರಾಕ್ಟೀಸಿಗೆ ಬಂದ ದಿನಕ್ಕೂ ಕೊಡಿ. ಮದುವೆ ಸೀಸನ್ನಿನಲ್ಲಿ ಅವರಿಗೆ ಮುಹೂರ್ತದ ದಿನ ಎಂದರೆ ಸಂಪಾದನೆಯ ದಿನ. ಆ ದಿನಗಳಲ್ಲಿ ಶೋ ಇಟ್ಟುಕೊಳ್ಳಬೇಡಿ.

ಶ್ರುತಿಯ ವಿಷಯ

ಹೆಚ್ಚಿನ ಬ್ಯಾಂಡುಗಳು ಇಲ್ಲೇ ಎಡವುತ್ತವೆ. ಸ್ವಲ್ಪ ನಿಧಾನವಾಗಿ ಓದಿ.

ಗಿಟಾರಿನವರಿಗೆ ಇ ಮತ್ತು ಎ ಶ್ರುತಿ ಅಂದರೆ ಪ್ರಾಣ. ತೆರೆದ ತಂತಿಗಳು ಅಲ್ಲಿವೆ. ಊದುವವರಿಗೆ ಅದೇ ಕಷ್ಟ. ಯಾಕೆಂದರೆ ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ. (ಫ್ಲ್ಯಾಟ್ ಅಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ.) ಅದರಲ್ಲಿ ಸಿ ಅಂತ ಊದಿದರೆ ಕೇಳುವುದು ಬಿ ಫ್ಲ್ಯಾಟ್. ಆಲ್ಟೊ ಸ್ಯಾಕ್ಸ್ ಇ ಫ್ಲ್ಯಾಟ್ ವಾದ್ಯ. ನನ್ನ ಸಿ ನಿಮಗೆ ಇ ಫ್ಲ್ಯಾಟ್. ಹಾರ್ಮೋನಿಯಮ್ಮಿನ ಕಪ್ಪು, ಬಿಳಿ ಮನೆಗಳನ್ನು ಎಣಿಸುವ ಯಕ್ಷಗಾನದವರ ಲೆಕ್ಕದಲ್ಲಿ ಹೇಳುವುದಾದರೆ ಆಲ್ಟೊದ ಸಹಜ ಷಡ್ಜ ಕಪ್ಪು ಎರಡು. ಗಿಟಾರಿನದು ಬಿಳಿ ಮೂರು. ಪಕ್ಕಪಕ್ಕದ ಮನೆ, ಆದರೆ ನಡುವೆ ಗೋಡೆ ಇದೆ. ಗಿಟಾರಿನವರು ಇ ಮೇಜರಿನಲ್ಲಿ ಹಾಡು ಮಾಡಿದರೆ ಟ್ರಂಪೆಟಿನವರು ಆರು ಶಾರ್ಪ್ ಇರುವ ಎಫ್ ಶಾರ್ಪಿನಲ್ಲಿ ಊದಬೇಕು. ನಾನು ಏಳು ಶಾರ್ಪ್ ಇರುವ ಸಿ ಶಾರ್ಪಿನಲ್ಲಿ. ಬರುವುದಿಲ್ಲ ಅಂತಲ್ಲ. ಬೆರಳು ತಡವರಿಸುತ್ತದೆ, ಶ್ರುತಿ ಜಾರುತ್ತದೆ, ಊದುವವರ ಮುಖದಲ್ಲಿ ಸಂತೋಷ ಇರುವುದಿಲ್ಲ.

ಪರಿಹಾರ ಗಿಟಾರಿನ ತಂತಿ ಬಿಗಿಯುವ ಕೀಲಿಯಲ್ಲೇ ಇದೆ. ಗಿಟಾರ್, ಬೇಸ್ ಎರಡನ್ನೂ ಅರ್ಧ ಸ್ವರ ಇಳಿಸಿ. ಗಿಟಾರಿನವರ ಕೈ ಇ ಹಿಡಿಯುತ್ತದೆ, ಸದ್ದು ಇ ಫ್ಲ್ಯಾಟ್ ಬರುತ್ತದೆ. ಈಗ ಟ್ರಂಪೆಟಿಗೆ ಎಫ್, ಒಂದೇ ಫ್ಲ್ಯಾಟ್. ಆಲ್ಟೊಗೆ ಸಿ, ಏನೂ ಇಲ್ಲ. ಟ್ರೊಂಬೋನಿಗೆ ಬರೆದದ್ದೇ ಕೇಳುವುದು, ಅದಕ್ಕೂ ಇ ಫ್ಲ್ಯಾಟ್ ಸುಲಭ. ತಂತಿ ಸಡಿಲ ಅನ್ನಿಸಿದರೆ ಒಂದು ನಂಬರ್ ದಪ್ಪದ ಸೆಟ್ ಹಾಕಿ. ಹಾಡು ಸಿ ಅಥವಾ ಜಿ ಹಿಡಿತದಲ್ಲಿದ್ದರೆ ಮಾತ್ರ ಗಿಟಾರ್ ಇಳಿಸಬೇಡಿ. ಅವು ಇದ್ದ ಹಾಗೇ ಊದುವವರಿಗೆ ಸರಿಹೋಗುತ್ತವೆ. ಇಳಿಸಲು ಗಿಟಾರಿನವರು ಒಪ್ಪದಿದ್ದರೆ ಮೊದಲ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿಸಿ. ಇ ಹೋಗಿ ಎಫ್ ಆಗುತ್ತದೆ. ಬೇಸಿನವರು ಆ ಎಫ್‌ನಲ್ಲೇ ನುಡಿಸಬೇಕು, ಅಷ್ಟೇ. ಟ್ರಂಪೆಟಿಗೆ ಜಿ, ಆಲ್ಟೊಗೆ ಡಿ, ಅದೂ ಆರಾಮ. ಏನೇ ಮಾಡಿದರೂ ಹಾಡುವವರನ್ನು ಕೇಳದೆ ಶ್ರುತಿ ಬದಲಿಸಬೇಡಿ. ಅವರ ಗಂಟಲು ಮೊದಲು, ನಮ್ಮ ಬೆರಳು ಆಮೇಲೆ.

ಸರಿಗಮದಲ್ಲಿ ಬರೆಯಿರಿ

ನಾನು ಹಾರ್ನ್ ಸಾಲುಗಳನ್ನು ಮೊದಲು ಸರಿಗಮದಲ್ಲೇ ಬರೆಯುತ್ತೇನೆ. ಅವರವರ ವಾದ್ಯಕ್ಕೆ ಷಡ್ಜ ಎಲ್ಲಿ ಅಂತ ಒಂದು ಸಲ ಹೇಳಿದರೆ ಮುಗಿಯಿತು. ಯಾರು ಯಾವ ಫ್ಲ್ಯಾಟ್ ಅನ್ನುವ ಜಗಳವೇ ಇರುವುದಿಲ್ಲ. ಅಣ್ಣನಿಗೂ ಅರ್ಥವಾಗುತ್ತದೆ, ಟ್ರಂಪೆಟಿನ ಹುಡುಗನಿಗೂ ಅರ್ಥವಾಗುತ್ತದೆ.

ಒಂದು ಉದಾಹರಣೆ. ಅರ್ಧ ಸ್ವರ ಇಳಿಸಿದ ಗಿಟಾರಿನಲ್ಲಿ ಇ, ಸಿ ಶಾರ್ಪ್ ಮೈನರ್, ಎ, ಬಿ ಸೆವೆನ್ ಅಂತ ನಾಲ್ಕು ಹಿಡಿತ. ಒಂದೊಂದಕ್ಕೆ ಒಂದೊಂದು ಬಾರ್, ಅಂದರೆ ನಾಲ್ಕು ಬೀಟ್. ಕೇಳುವುದು ಇ ಫ್ಲ್ಯಾಟ್, ಸಿ ಮೈನರ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್ ಸೆವೆನ್. ಷಡ್ಜ ಇ ಫ್ಲ್ಯಾಟ್, ಸ್ವರಗಳೆಲ್ಲ ಶಂಕರಾಭರಣದವು. ಮೂವರಿಗೆ ಹೀಗೆ ಕೊಡಿ:

ಟ್ರಂಪೆಟ್: ಗ – ಗ – ಮ – ಮ
ಆಲ್ಟೊ: ಸ – ಸ – ಸ – ನಿ
ಟ್ರೊಂಬೋನ್: ಪ – ದ – ದ – ಪ

ಆಲ್ಟೊದ ನಿ ಎಂದರೆ ಸಕ್ಕೆ ಅಂಟಿಕೊಂಡೇ ಕೆಳಗಿರುವ ನಿ. ಟ್ರೊಂಬೋನಿನ ಪ, ದ ಎರಡೂ ಮಂದ್ರದವು. ಈಗ ಉದ್ದಕ್ಕೆ ಓದಿ ನೋಡಿ. ಟ್ರಂಪೆಟ್ ನಾಲ್ಕು ಬಾರಿನಲ್ಲಿ ಒಂದೇ ಸಲ ಅಲುಗುತ್ತದೆ, ಅದೂ ಅರ್ಧ ಹೆಜ್ಜೆ. ನಾನು ಒಂದು ಸಲ ಅಲುಗುತ್ತೇನೆ, ಅದೂ ಅರ್ಧ ಹೆಜ್ಜೆ. ಟ್ರೊಂಬೋನ್ ಒಂದು ಹೆಜ್ಜೆ ಹತ್ತಿ ಒಂದು ಹೆಜ್ಜೆ ಇಳಿಯುತ್ತದೆ. ಯಾರೂ ಹಾರುವುದಿಲ್ಲ. ಆದರೂ ನಾಲ್ಕೂ ಕಾರ್ಡ್ ಸ್ಪಷ್ಟವಾಗಿ ಕೇಳುತ್ತವೆ. ಕೊನೆಯ ಬಾರಿನಲ್ಲಿ ಟ್ರಂಪೆಟಿನ ಮ, ನನ್ನ ನಿ ಎರಡೂ ಎಳೆದಾಡುತ್ತವೆ. ವಾಪಸ್ ಮೊದಲಿಗೆ ಬಂದಾಗ ಮ ಇಳಿದು ಗ, ನಿ ಏರಿ ಸ. ಆ ಕ್ಷಣಕ್ಕೆ ಮನೆಗೆ ಬಂದ ಹಾಗಾಗುತ್ತದೆ. ಅದನ್ನು ಮೊದಲ ಸಲ ಜಾಮ್ ರೂಮಿನಲ್ಲಿ ಮೂವರೂ ಸರಿಯಾಗಿ ಊದಿದ ದಿನ ನಮ್ಮ ಡ್ರಮ್ಮರ್ ಕಡ್ಡಿ ಕೆಳಗಿಟ್ಟು ಸುಮ್ನೆ ಕೇಳುತ್ತಾ ಕುಳಿತಿದ್ದ.

ಹೊಸಬರು ಮಾಡುವ ತಪ್ಪು ಎಂದರೆ ಮೂವರಿಗೂ ಗಿಟಾರಿನ ಕೈಯನ್ನೇ ನಕಲು ಮಾಡಿ ಕೊಡುವುದು. ಆಗ ಕಾರ್ಡ್ ಬದಲಾದಾಗಲೆಲ್ಲ ಮೂವರೂ ಒಟ್ಟಿಗೆ ಜಿಗಿಯಬೇಕು. ಸದ್ದು ಜಾಸ್ತಿ ಬರುತ್ತದೆ, ತೂಕ ಬರುವುದಿಲ್ಲ. ಕಾರ್ಡ್ ಬೇಡ, ಗಟ್ಟಿಯಾದ ಒಂದು ರಾಗದ ಸಾಲು ಬೇಕು ಅಂದರೆ ಮೂವರಿಗೂ ಒಂದೇ ಸಾಲು ಕೊಡಿ, ಟ್ರೊಂಬೋನಿಗೆ ಒಂದು ಸ್ಥಾಯಿ ಕೆಳಗೆ. ಅದರಷ್ಟು ಬಲವಾದದ್ದು ಇನ್ನೊಂದಿಲ್ಲ.

ತಾಳ, ಉಸಿರು, ತುಟಿ

ಚಿಕ್ಕ ಹೊಡೆತಗಳನ್ನು ಕಲಿಸಲು ನಮ್ಮ ಹತ್ತಿರ ತಕಧಿಮಿ ಇದೆ, ಅಲ್ವಾ? ಒಂದು ಬೀಟಿಗೆ ತ, ಕ, ಧಿ, ಮಿ ಅಂತ ನಾಲ್ಕು ಭಾಗ. "ನಾಲ್ಕನೇ ಬೀಟಿನ ಧಿ ಮೇಲೆ ಬನ್ನಿ, ಮುಂದಿನ ತ ಮೇಲೆ ಬಿಡಿ" ಅಂದರೆ ಯಾರಿಗೂ ಗೊಂದಲ ಇಲ್ಲ. ಹಾಗೆ ಅರ್ಧ ಬೀಟ್ ಮುಂಚೆ ಬರುವ ಹೊಡೆತವೇ ಹಾಡನ್ನು ಮುಂದಕ್ಕೆ ನೂಕುತ್ತದೆ. ಅದೇ ಜಾಗದಲ್ಲಿ ಡ್ರಮ್ಮರ್ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಹಾಕಬೇಕು. ಹಾಕದಿದ್ದರೆ ಹಾರ್ನ್‌ನವರು ತಪ್ಪಿ ಬಂದರು ಅಂತ ಜನ ಅಂದುಕೊಳ್ಳುತ್ತಾರೆ.

ಊದುವ ಮುಂಚೆ ಬಾಯಲ್ಲಿ ಹೇಳಿಸಿ. ನಾವು ಮೂವರೂ ವಾದ್ಯ ಕೆಳಗಿಟ್ಟು "ಡಟ್" ಎಲ್ಲಿ, "ಡಾ" ಎಲ್ಲಿ, "ಡಾಆವ್" ಅಂತ ಜಾರುವುದು ಎಲ್ಲಿ ಅನ್ನುವುದನ್ನು ಹೇಳಿಕೊಳ್ಳುತ್ತೇವೆ. ಹೊಡೆತ ಶುರುವಾಗುವುದು ಒಟ್ಟಿಗೆ ಇದ್ದರೆ ಸಾಲದು, ಮುಗಿಯುವುದೂ ಒಟ್ಟಿಗೆ ಆಗಬೇಕು. ಒಬ್ಬರ ಬಾಲ ಉಳಿದರೂ ಕೊಳಕಾಗಿ ಕೇಳುತ್ತದೆ. ಉದ್ದ ಸ್ವರಗಳಲ್ಲಿ ಯಾವ ಬೀಟಿಗೆ ಬಿಡಬೇಕು ಅಂತ ಕಾಗದದ ಮೇಲೆ ಬರೆದೇ ಇಡಿ.

ಗಿಟಾರ್ ಮನಸ್ಸು ಬಂದಷ್ಟು ಹೊತ್ತು ನುಡಿಯುತ್ತದೆ. ನಮಗೆ ಉಸಿರು ಬೇಕು. ನಿಮಿಷಕ್ಕೆ ನೂರು ಬೀಟಿನ ಹಾಡಿನಲ್ಲಿ ನಾಲ್ಕು ಬಾರ್ ಅಂದರೆ ಹತ್ತಿರ ಹತ್ತಿರ ಹತ್ತು ಸೆಕೆಂಡ್. ಟ್ರೊಂಬೋನಿಗೆ ಜೋರಾಗಿ ಅಷ್ಟು ಹೊತ್ತು ಹಿಡಿಯುವುದು ಸುಲಭವಲ್ಲ. ಎರಡು ಬಾರ್‌ಗೊಮ್ಮೆ ಉಸಿರಿನ ಗುರುತು ಹಾಕಿ. ತುಟಿಯ ಕಥೆ ಇನ್ನೂ ಸೂಕ್ಷ್ಮ. ಟ್ರಂಪೆಟಿನಲ್ಲಿ ಮೇಲಿನ ಸ್ವರಗಳನ್ನು ಹುಟ್ಟಿಸುವುದು ತುಟಿಯ ಬಿಗಿ ಮತ್ತು ಗಾಳಿ. ಒಂದು ಹಾಡಿನ ಉದ್ದಕ್ಕೂ ಮೇಲೇ ಬರೆದರೆ ಮೂರನೇ ಹಾಡಿಗೆ ತುಟಿ ಮಾತು ಕೇಳುವುದಿಲ್ಲ. ಎತ್ತರದ ಸ್ವರವನ್ನು ಹಾಡಿಗೆ ಒಂದು ಕಡೆ ಮಾತ್ರ ಇಡಿ. ಎಲ್ಲರಿಗೂ ನೆನಪಿರುವುದು ಅದೇ.

ಎಲ್ಲಿ ಊದಬೇಕು, ಎಲ್ಲಿ ಬೇಡ

ಇಲ್ಲಿ ಮತ್ತೆ ಸುತ್ತಿನ ಲೆಕ್ಕ. ಮೊದಲ ಚರಣದಲ್ಲಿ ಊದಬೇಡಿ. ಜನಕ್ಕೆ ಮೊದಲು ಹಾಡು ಕೇಳಲಿ, ಮಾತು ಕೇಳಲಿ. ಪಲ್ಲವಿ ಮುಗಿದು ಗಾಯಕಿ ಉಸಿರು ತೆಗೆದುಕೊಳ್ಳುವ ಎರಡು ಬಾರ್ ಇರುತ್ತದಲ್ಲ, ಅದು ಹಾರ್ನ್‌ನ ಮೊದಲ ಜಾಗ. ಅವಳ ಸಾಲಿಗೆ ಉತ್ತರ ಕೊಟ್ಟ ಹಾಗೆ ಇರಬೇಕು. ಎರಡನೇ ಚರಣದಲ್ಲಿ ಬೇಕಾದರೆ ಟ್ರೊಂಬೋನ್ ಒಂದೇ, ಮೆಲ್ಲಗೆ, ಉದ್ದ ಸ್ವರ. ಹೆಂಗಸರ ದನಿ, ಆಲ್ಟೊ, ಟ್ರಂಪೆಟ್ ಇವೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಓಡಾಡುತ್ತವೆ. ಅವಳು ಹಾಡುವಾಗ ನಾನೂ ಅಲ್ಲೇ ಊದಿದರೆ ಅವಳ ಮಾತು ಮುಳುಗುತ್ತದೆ. ನಡುವೆ ಎಂಟು ಬಾರ್ ಹಾರ್ನ್‌ಗೆ ಬಿಡಿ. ಆಗ ಗಿಟಾರಿನವರು ಡಿಸ್ಟಾರ್ಷನ್ ಇಳಿಸಬೇಕು, ಎರಡು ತಂತಿಯಲ್ಲಿ ತಾಳ ಹಿಡಿದರೆ ಸಾಕು. ಕೊನೆಯ ಪಲ್ಲವಿ ಸರ್ವವಾದ್ಯ. ನಾಲ್ಕು ನಿಮಿಷದ ಹಾಡಿನಲ್ಲಿ ನಾವು ಊದುವುದು ಒಟ್ಟು ಒಂದೂವರೆ ನಿಮಿಷ ದಾಟುವುದಿಲ್ಲ. ನನಗೆ ಅದು ಸರಿಯಾದ ಅಳತೆ ಅನ್ನಿಸುತ್ತದೆ.

ಕೇಳುವುದಕ್ಕೆ ಕೆಲವು ಹೆಸರು. 1967ರಲ್ಲಿ ಶುರುವಾದ ಚಿಕಾಗೋ ಬ್ಯಾಂಡಿನಲ್ಲಿ ಇದ್ದದ್ದು ನಮ್ಮಲ್ಲಿರುವ ಹಾಗೇ ಮೂವರು: ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸ್. ಟ್ರೊಂಬೋನಿನ ಜೇಮ್ಸ್ ಪ್ಯಾಂಕೋ ಬರೆದ ಹಾರ್ನ್ ಸಾಲುಗಳನ್ನು ನೀವೇ ಹಾಡಿ ನೋಡಿ, ಅವು ಇನ್ನೊಬ್ಬ ಗಾಯಕನ ಹಾಗೆ ಹಾಡಿಸಿಕೊಳ್ಳುತ್ತವೆ. ಬೈರೂತ್ ಅನ್ನುವ ಹೆಸರಿನಲ್ಲಿ ಝ್ಯಾಕ್ ಕಾಂಡನ್ 2006ರಲ್ಲಿ ತಂದ ಮೊದಲ ಆಲ್ಬಮ್ ಕೇಳಿ. ಬಾಲ್ಕನ್ ಕಡೆಯ ಮದುವೆ, ಸಾವಿನ ಮೆರವಣಿಗೆಗಳ ಬ್ರಾಸ್ ಅಲ್ಲಿದೆ. ನನಗಂತೂ ಊರಿನ ಮದುವೆ ದಿಬ್ಬಣವೇ ನೆನಪಾಯಿತು. ದಿಲ್ಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಬ್ಯಾಂಡಿನಲ್ಲಿ ಟ್ರಂಪೆಟ್ ಹೇಗೆ ಅವಸರವಿಲ್ಲದೆ ಬಂದು ಹೋಗುತ್ತದೆ ಕೇಳಿ. ಒಂದೊಂದು ಹಾಡನ್ನೂ ಹಾರ್ನ್ ಇಲ್ಲದ ಜಾಗಗಳಿಗೆ ಕಿವಿ ಕೊಟ್ಟು ಇನ್ನೊಮ್ಮೆ ಕೇಳಿ.

ಸ್ಟೇಜಿನ ಮೇಲೆ

ನಮ್ಮ ಮೊದಲ ದೊಡ್ಡ ಶೋ ಒಂದು ಏಸಿ ಹಾಲ್‌ನಲ್ಲಿತ್ತು. ಮೂವರಿಗೂ ಸೇರಿ ಒಂದೇ ಮೈಕ್ ಕೊಟ್ಟರು. ಹಾಲ್ ತಣ್ಣಗೆ ಕೊರೆಯುತ್ತಿತ್ತು. ನಮ್ಮ ಸರದಿ ಬರುವವರೆಗೆ ನಾಲ್ಕು ಹಾಡು ಸುಮ್ನೆ ನಿಂತಿದ್ದೆವು. ಊದಿದಾಗ ಮೂವರೂ ಗಿಟಾರಿಗಿಂತ ಕೆಳಗೆ. ಕೊಳವೆಯೊಳಗಿನ ಗಾಳಿ ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ. ಆ ರಾತ್ರಿ ಅಣ್ಣ ಏನೂ ಮಾತಾಡಲಿಲ್ಲ. ಟ್ರೊಂಬೋನನ್ನು ಪೆಟ್ಟಿಗೆಗೆ ಹಾಕುವಾಗ ಮಾತ್ರ ಹೇಳಿದರು, "ನಾಳೆಯಿಂದ ಕಾಯುವಾಗ ಒಳಗೆ ಉಸಿರು ಬಿಡ್ತಾ ಇರೋಣ ಅಮ್ಮಾ." ಅವತ್ತಿನಿಂದ ಹಾಗೇ ಮಾಡುತ್ತೇವೆ. ಸದ್ದಿಲ್ಲದೆ, ಬೆಚ್ಚಗಿನ ಉಸಿರು, ಊದುವುದಕ್ಕೆ ಎಂಟು ಬಾರ್ ಮುಂಚಿನಿಂದ.

ಶ್ರುತಿ ಮಾಡುವುದು ಹತ್ತು ನಿಮಿಷ ಊದಿ ಬಿಸಿಯಾದ ಮೇಲೆ. ಟ್ರಂಪೆಟ್ ಏರಿದ್ದರೆ ಟ್ಯೂನಿಂಗ್ ಸ್ಲೈಡ್ ಹೊರಗೆಳೆಯಿರಿ. ಸ್ಯಾಕ್ಸ್ ಇಳಿದಿದ್ದರೆ ಮೌತ್‌ಪೀಸನ್ನು ಕಾರ್ಕಿನ ಮೇಲೆ ಇನ್ನಷ್ಟು ಒಳಗೆ ತಳ್ಳಿ. ಮೊದಲು ಟ್ರೊಂಬೋನ್ ಸ್ವರ ಹಿಡಿಯಲಿ, ಅದರ ಮೇಲೆ ಸ್ಯಾಕ್ಸ್, ಆಮೇಲೆ ಟ್ರಂಪೆಟ್ ಬರಲಿ. ಮೂವರೂ ಒಂದೊಂದು ಫೋನ್ ನೋಡಿಕೊಂಡು ಬೇರೆ ಬೇರೆ ಶ್ರುತಿ ಮಾಡಿದರೆ ಕಿವಿ ಕೂಡುವುದಿಲ್ಲ.

ಮೈಕ್ ಒಬ್ಬೊಬ್ಬರಿಗೆ ಒಂದೊಂದು ಕೇಳಿ. ಶ್ಯೂರ್ ಎಸ್ಎಂ 57 ಇದ್ದರೆ ಸಾಕು. ಟ್ರಂಪೆಟಿನ ಬಾಯಿಂದ, ಅಂದರೆ ಸದ್ದು ಹೊರಬರುವ ಅಗಲ ತುದಿಯಿಂದ, ಒಂದು ಗೇಣು ದೂರ, ನೇರ ಮುಂದೆ ಅಲ್ಲ, ಸ್ವಲ್ಪ ಓರೆ. ಸ್ಯಾಕ್ಸಿನ ಸದ್ದು ಬಾಯಿಂದ ಮಾತ್ರ ಬರುವುದಿಲ್ಲ, ಕೀಲಿಗಳ ಕೆಳಗಿನ ತೂತುಗಳಿಂದಲೂ ಬರುತ್ತದೆ. ಹಾಗಾಗಿ ಮೈಕನ್ನು ಒಂದೂವರೆ ಗೇಣು ದೂರ ಇಟ್ಟು ಸ್ಯಾಕ್ಸಿನ ಬಾಯಿ ಮತ್ತು ಊದುವವರ ಎಡಗೈ ನಡುವಿನ ಜಾಗಕ್ಕೆ ತಿರುಗಿಸಿ. ಸೌಂಡ್‌ನವರು ಮೈಕನ್ನು ಬಾಯೊಳಗೇ ತುರುಕಲು ಬಂದರೆ ಸಮಾಧಾನವಾಗಿ ಹೇಳಿ, ಕೇಳಿಸಿ ತೋರಿಸಿ. ಮೂವರೂ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಲ್ಲಿ, ಡ್ರಮ್ಸ್‌ನ ಪಕ್ಕ, ಸಿಂಬಲ್ಲಿನ ಎದುರಿಗಲ್ಲ. ಮಾನಿಟರಿನಲ್ಲಿ ಗಾಯಕಿ ಮತ್ತು ಸ್ನೇರ್ ಸಾಕು. ಪಕ್ಕದವರ ಉಸಿರು ಕೇಳಬೇಕು. ಮೂವರೂ ಒಟ್ಟಿಗೆ ಉಸಿರು ಎಳೆದರೆ ಹೊಡೆತ ತಾನಾಗಿಯೇ ಒಟ್ಟಿಗೆ ಬರುತ್ತದೆ.

ಚೀಲದಲ್ಲಿ ವಾಲ್ವ್ ಆಯಿಲ್, ಸ್ಲೈಡಿಗೆ ಕ್ರೀಮ್, ಮೂರು ಒಳ್ಳೆಯ ರೀಡ್, ಒಂದು ಹತ್ತಿ ಬಟ್ಟೆ ಇರಲಿ. ಶೋ ಮುಗಿದ ತಕ್ಷಣ ನೀರಿನ ಕೀ ಒತ್ತಿ ಟ್ರಂಪೆಟ್, ಟ್ರೊಂಬೋನಿನ ನೀರು ಹೊರಹಾಕಿ, ರೀಡ್ ಬಿಚ್ಚಿ ಒರೆಸಿ ಅದರ ಡಬ್ಬಿಯಲ್ಲಿಡಿ, ಸ್ಯಾಕ್ಸಿನೊಳಗೆ ಬಟ್ಟೆ ಎಳೆಯಿರಿ. ಮಾತಾಡಿಸಲು ಬಂದವರು ಅಷ್ಟು ಹೊತ್ತು ಕಾಯುತ್ತಾರೆ.